ನಾಯಿಗೆಂದೇ ಒಂದು ಅಡಿಗೆ

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ನಾಯಿಯ ಆಹಾರವೆಂಬುದು ಪ್ರತ್ಯೇಕವಾಗಿ ಆಲೋಚಿಸತಕ್ಕ ವಿಷಯವೇ ಆಗಿರಲಿಲ್ಲ. ರೊಟ್ಟಿ ಬಡಿಯುವ ಗೃಹಿಣಿಯು ನಾದಿದ ಹಿಟ್ಟಿನ ಕಡೆಯ ಉಂಡೆಯನ್ನು ತುಸು ಸಣ್ಣದಾಗಿಯೇ ಬಡಿದು ಹಂಚಿಗೆ ಹಾಕಿದಳೆಂದರೆ, ಅದು ಯಾರ ಪಾಲಿನದೆಂಬುದು ಮನೆಯವರಿಗೆಲ್ಲ ತಿಳಿದಿರುತ್ತಿತ್ತು, ಕಟ್ಟೆಯ ಕೆಳಗೆ ಬಾಲವಾಡಿಸುತ್ತ ನಿಂತ ಜೀವಕ್ಕೂ ತಿಳಿದಿರುತ್ತಿತ್ತು. ಕಾಲಕ್ರಮದಲ್ಲಿ ಕಟ್ಟೆಗಳು ಹೋಗಿ ಕಾಂಪೌಂಡುಗಳು ಬಂದವು. ಕಾಂಪೌಂಡುಗಳೂ ಹೋಗಿ ಮೂರನೆಯ ಮಹಡಿಯ ಬಾಲ್ಕನಿಗಳು ಬಂದವು. ಹೆಸರಿಲ್ಲದ ಊರನಾಯಿಯ ಸ್ಥಾನದಲ್ಲಿ ಲ್ಯಾಬ್ರಡಾರ್, ಪಮೇರಿಯನ್, ಜರ್ಮನ್ ಷೆಫರ್ಡ್ ಮೊದಲಾದ ಪರದೇಶದ ಅತಿಥಿಗಳು ಪ್ರತಿಷ್ಠಿತರಾದರು. ಅವರೊಡನೆ ಅವರ ಆಹಾರವೂ ಪೊಟ್ಟಣಗಳಲ್ಲಿ ಬಂದಿಳಿಯಿತು. ಇದೀಗ ಕೇಶ್ವಾಪುರ, ವಿದ್ಯಾನಗರಗಳಲ್ಲಿಯೂ, ಅತ್ತ ಸಪ್ತಾಪುರ, ಮಾಳಮಡ್ಡಿಗಳಲ್ಲಿಯೂ ನಾಯಿ ಸಾಕಿದ ಗೃಹಸ್ಥರು ಸಂಧಿಸಿದಲ್ಲೆಲ್ಲ ಕೇಳಿಬರುತ್ತಿರುವ ಮಾತು ಇನ್ನೊಂದು ಬಗೆಯದು: ಪೊಟ್ಟಣವನ್ನು ಬಿಟ್ಟು ಮನೆಯಲ್ಲೇ ಬೇಯಿಸಿ ಹಾಕಿದರೆ ಹೇಗೆ?

ಈ ಪ್ರಶ್ನೆಯ ಹಿಂದೆ ಬೆಲೆಯ ಭಾರವಿದೆ, ಒಳಗೇನಿದೆಯೋ ಎಂಬ ಸಂದೇಹವಿದೆ. ಎಲ್ಲಕ್ಕಿಂತ ಮಿಗಿಲಾಗಿ, ತಾವು ಬಿಸಿಬಿಸಿ ಊಟ ಮಾಡುತ್ತಿರುವಾಗ ಎದುರಿಗೆ ಕುಳಿತ ಪ್ರಾಣಿಗೆ ಒಣಗಿದ ಗುಳಿಗೆಗಳನ್ನು ಸುರಿಯಬೇಕಲ್ಲ ಎಂಬ ಮನಸ್ಸಿನ ಅಳುಕಿದೆ. ಅಳುಕು ಗೌರವಾರ್ಹವಾದದ್ದು. ಆದರೆ ಪ್ರೀತಿಯು ಅಡಿಗೆಮನೆಯನ್ನು ಪ್ರವೇಶಿಸುವಾಗ ತಕ್ಕಡಿಯನ್ನು ಹೊರಗಿಟ್ಟು ಹೋಗಬಾರದೆಂಬುದೂ, ಮನೆಯಲ್ಲಿ ಬೆಂದದ್ದೆಲ್ಲವೂ ನಾಯಿಗೆ ಹಿತವೆಂಬ ನಂಬಿಕೆ ಪೊಟ್ಟಣದ ಮೇಲಣ ಅಂಧವಿಶ್ವಾಸಕ್ಕಿಂತ ಕಿಂಚಿತ್ತೂ ಉತ್ತಮವಲ್ಲವೆಂಬುದೂ ನನ್ನ ಅಭಿಪ್ರಾಯ.

ಪೊಟ್ಟಣದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಸಿಡಿಲುನಿರೋಧಕ ಸಲಾಕೆಗಳನ್ನು ಮಾರುವುದಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದವನು, ಹಡಗುಗಟ್ಟೆಯ ನಾಯಿಗಳು ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ಕಚ್ಚಾಡಿ ತಿನ್ನುವುದನ್ನು ಕಂಡು, 1860ರ ಸುಮಾರಿಗೆ ಗೋಧಿ, ತರಕಾರಿ, ಬೀಟ್‌ರೂಟು ಮತ್ತು ಮಾಂಸದ ಅಂಶವನ್ನು ಬೆರೆಸಿದ ನಾಯಿಬಿಸ್ಕತ್ತನ್ನು ಮಾರುಕಟ್ಟೆಗೆ ತಂದನೆಂದು ಹೇಳುತ್ತಾರೆ. ಇಂದು ನಾವು ಕಾಣುವ ಉಬ್ಬಿದ ಗುಳಿಗೆಯಾದರೋ 1957ರಲ್ಲಿ ಅಮೆರಿಕದ ಪುರೀನಾ ಸಂಸ್ಥೆ ಹೊರತಂದದ್ದು. ಮಾಂಸದ ಪುಡಿ ಮತ್ತು ಧಾನ್ಯದ ಹಿಟ್ಟುಗಳನ್ನು ಹಬೆಯಲ್ಲಿ, ಒತ್ತಡದಲ್ಲಿ ಬೇಯಿಸಿ, ಚಕ್ಕುಲಿಯ ಒರಳಿನಿಂದ ಹಿಟ್ಟನ್ನು ಒತ್ತುವಂತೆ ಅಚ್ಚಿನ ರಂಧ್ರಗಳಿಂದ ಹೊರದೂಡಿ, ಕತ್ತರಿಸಿ, ಒಣಗಿಸಿ, ಕಡೆಗೆ ರುಚಿಗಾಗಿ ಕೊಬ್ಬನ್ನು ಸಿಂಪಡಿಸುವ ವಿಧಾನ ಅದು. ಅದರ ಗುಣವನ್ನು ಅಲ್ಲಗಳೆಯಲಾಗದು: ಸುಣ್ಣಾಂಶ, ಸತು, ಅಯೋಡಿನ್, ಜೀವಸತ್ವಗಳು ಲೆಕ್ಕಾಚಾರದಿಂದ ಬೆರೆತಿರುತ್ತವೆ. ಅದರ ದೋಷವೂ ಲೋಕವಿದಿತ. 2007ರಲ್ಲಿ ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ, ಪರೀಕ್ಷೆಯ ವೇಳೆ ಪ್ರೋಟೀನು ಅಧಿಕವಾಗಿ ತೋರಲೆಂದು ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದು ಬಯಲಾಗಿ, ಉತ್ತರ ಅಮೆರಿಕದಲ್ಲಿ ಮೂತ್ರಪಿಂಡ ಕೆಟ್ಟು ಅನೇಕ ನಾಯಿ ಬೆಕ್ಕುಗಳು ಸತ್ತವು. ಕೋಟ್ಯಂತರ ಪೊಟ್ಟಣಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಲೋಕದ ಹಲವೆಡೆ ಮನೆಯ ಅಡಿಗೆಯತ್ತ ನಾಯಿಯ ಒಡೆಯರ ಮನಸ್ಸು ತಿರುಗುವುದಕ್ಕೆ ಆ ದುರ್ಘಟನೆಯೂ ಒಂದು ಕಾರಣ.

ನಮ್ಮ ಕಡೆಯಲ್ಲಿ ಮನೆಯೂಟದ ಪಕ್ಷವನ್ನು ಹಿಡಿಯುವವರು ಮೊದಲು ಮುಂದಿಡುವ ಸಾಕ್ಷಿ ಮುಧೋಳದ ಬೇಟೆನಾಯಿಯದು. ಬಾಗಲಕೋಟೆ ಜಿಲ್ಲೆಯ ಆ ಹಳೆಯ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ, ಐದನೆಯ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟ ತಳಿ ಅದು. 2005ರಲ್ಲಿ ಅಂಚೆಯ ಚೀಟಿಯ ಮೇಲೆ ಅಚ್ಚಾಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಅದಕ್ಕೆಂದೇ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಭಾರತೀಯ ಸೈನ್ಯವೂ ಮೀರತ್ತಿನ ತನ್ನ ಕೇಂದ್ರಕ್ಕೆ ಈ ನಾಯಿಗಳನ್ನು ತರಿಸಿಕೊಂಡು ತರಬೇತು ಮಾಡಿತು. ಇಂತಹ ನಾಯಿಯನ್ನು ಅಲ್ಲಿನ ರೈತರು ತಲೆತಲಾಂತರದಿಂದ ಸಾಕಿದ್ದು ಜೋಳ, ಗೋಧಿ, ಮೆಕ್ಕೆಜೋಳಗಳ ನುಚ್ಚು ರೊಟ್ಟಿಗಳಿಂದ, ಹಾಲು ಮಜ್ಜಿಗೆಗಳಿಂದ, ಅನುಕೂಲವಿದ್ದಾಗ ಒಂದೊಂದು ತತ್ತಿಯಿಂದ. ಇದಕ್ಕೆ ಶಾಸ್ತ್ರದ ಸಮರ್ಥನೆಯೂ ಉಂಟು. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಸಿದ್ಧ ಶೋಧನೆಯ ಪ್ರಕಾರ, ಪಿಷ್ಟವನ್ನು ಜೀರ್ಣಿಸುವ ಕಿಣ್ವಕ್ಕೆ ಸಂಬಂಧಿಸಿದ ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ; ಎಂದರೆ ಮನುಷ್ಯನ ಒಲೆಯ ಬಳಿ ಸಹಸ್ರಾರು ವರ್ಷ ಕುಳಿತ ಪ್ರಾಣಿಯು ಅವನ ಧಾನ್ಯವನ್ನು ಅರಗಿಸಿಕೊಳ್ಳಲು ತನ್ನ ಶರೀರವನ್ನೇ ಮಾರ್ಪಡಿಸಿಕೊಂಡಿತು. ಆದಕಾರಣ ‘ನಾಯಿ ತೋಳದ ವಂಶದ್ದು, ಹಸಿ ಮಾಂಸವಲ್ಲದೆ ಬೇರೇನೂ ಕೂಡದು’ ಎಂಬ ವಾದವನ್ನು ನಾನು ಒಪ್ಪಲಾರೆ. ಬೆಂದ ಬಿಳಿಜೋಳ ನಾಯಿಗೆ ಪರಕೀಯವಾದ ಆಹಾರವಲ್ಲ.

ಆದರೆ ಈ ಸಾಕ್ಷಿಯನ್ನು ಪೂರ್ತಿಯಾಗಿ ವಿಚಾರಿಸಬೇಕಲ್ಲವೆ? ಹೊಲದ ನಾಯಿ ರೊಟ್ಟಿ ಮಜ್ಜಿಗೆಯನ್ನು ಮಾತ್ರ ತಿಂದು ಬದುಕಲಿಲ್ಲ. ಮೊಲವನ್ನಟ್ಟಿ ಹಿಡಿಯಿತು, ಕಣದ ಇಲಿಗಳನ್ನು ನುಂಗಿತು, ಊರ ಹೊರಗೆ ಬಿದ್ದ ಎಲುಬನ್ನು ಕಡಿಯಿತು, ಹೇಳಲು ಹೇಸಿಕೆಯಾಗುವ ಇನ್ನೂ ಹಲವನ್ನು ತಿಂದಿತು. ರೊಟ್ಟಿಯಲ್ಲಿ ಕೊರತೆಯಾದದ್ದನ್ನು ಅದು ತಾನೇ ಅರಸಿ ತುಂಬಿಕೊಳ್ಳುತ್ತಿತ್ತು, ದಿನವಿಡೀ ಓಡಿ ಕರಗಿಸುತ್ತಲೂ ಇತ್ತು. ಬಾಲ್ಕನಿಯ ಲ್ಯಾಬ್ರಡಾರಿಗೆ ಇಲಿಯೂ ಇಲ್ಲ, ಓಟವೂ ಇಲ್ಲ; ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಸರಪಳಿಯೊಡನೆ ನಡೆಯುವ ಅರ್ಧ ಗಂಟೆ ಎಷ್ಟರದು? ತಟ್ಟೆಯಲ್ಲಿ ಏನು ಬೀಳುತ್ತದೆಯೋ ಅಷ್ಟೇ ಅದರ ಜಗತ್ತು. ಹಿರಿಯರ ಪದ್ಧತಿಯನ್ನು ಅನುಸರಿಸುವೆವೆಂದು ಹೇಳುವವರು ಹಿರಿಯರ ನಾಯಿ ಬದುಕಿದ ರೀತಿಯನ್ನು ಮರೆತು ಅದರ ರೊಟ್ಟಿಯೊಂದನ್ನೇ ನೆನಪಿಟ್ಟುಕೊಂಡಂತೆ ತೋರುತ್ತದೆ.

ಇಲ್ಲಿ ಪ್ರಸಂಗದಿಂದ ಸ್ವಲ್ಪ ಆಚೆಗೆ ಹೋಗಲು ವಾಚಕರು ಅನುಮತಿ ಕೊಡಬೇಕು. ನಾಯಿಗೆ ಉಣಿಸುವ ವಿಷಯದಲ್ಲಿ ಈ ನಾಡಿಗಿರುವಷ್ಟು ಗಂಭೀರವಾದ ಪರಂಪರೆ ಹೆಚ್ಚು ಕಡೆ ಇರಲಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಿಲಾಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇರೇನನ್ನೂ ಕೇಳದೆ ಬೇಡಿ ಪಡೆದ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಮಡಿದುದನ್ನು ದಾಖಲಿಸಿ, ಆ ನಾಯಿಗಾಗಿ ಕಲ್ಲು ನೆಡಿಸಿ ಭೂಮಿ ಬಿಟ್ಟುದನ್ನು ಹೇಳುತ್ತದೆ. ಅಲ್ಲಿನ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಭಾಗಿಯಾಗುವನೆಂಬ ಕಟ್ಟಳೆಯನ್ನೂ ವಿಧಿಸುತ್ತದೆ. ನಮ್ಮ ಸಮೀಪದ ದೇವರಗುಡ್ಡದಲ್ಲಿಯೂ ಮೈಲಾರದಲ್ಲಿಯೂ ಕರಿಯ ಕಂಬಳಿ ತೊಟ್ಟ ಗೊರವರು ಮೈಲಾರಲಿಂಗನ ನಾಯಿಗಳೆಂದೇ ತಮ್ಮನ್ನು ಭಾವಿಸಿಕೊಂಡು ಬೊಗಳುತ್ತ, ಭಕ್ತರು ದೋಣಿಯೆಂಬ ಪಾತ್ರೆಯಲ್ಲಿ ತುಂಬಿಸಿದ ಹಾಲು, ತುಪ್ಪ, ಬಾಳೆಹಣ್ಣುಗಳನ್ನು ಸ್ವೀಕರಿಸುವ ಸೇವೆ ಇಂದಿಗೂ ನಡೆದಿದೆ. ಭಕ್ತಿಯ ದೋಣಿಯಲ್ಲಿ ತುಪ್ಪ ಸಲ್ಲತಕ್ಕದ್ದೇ. ಮನೆಯ ನಾಯಿಯ ತಟ್ಟೆಯಲ್ಲಿ ಅದು ಮೇದೋಜೀರಕ ಗ್ರಂಥಿಯ ಊತಕ್ಕೆ ಕಾರಣವಾದೀತೆಂಬುದನ್ನು ಮಾತ್ರ ಗಮನದಲ್ಲಿಡಬೇಕು.

ಪ್ರಕೃತಕ್ಕೆ ಬರೋಣ. ‘ನಮ್ಮ ನಾಯಿ ನಾವು ಉಂಡದ್ದನ್ನ ಉಣ್ಣತದ್ರಿ, ಬ್ಯಾರೆ ಏನೂ ಮಾಡೂದಿಲ್ರಿ’ ಎಂದು ಅಭಿಮಾನದಿಂದ ಹೇಳುವ ಅವ್ವಂದಿರನ್ನು ಈ ಅವಳಿನಗರದಲ್ಲಿ ಓಣಿಗೊಬ್ಬರಂತೆ ಕಾಣಬಹುದು. ನನಗೆ ಅತ್ಯಂತ ಭಯವನ್ನುಂಟುಮಾಡುವ ಮಾತು ಇದೇ. ಏಕೆಂದರೆ ನಾವು ಉಣ್ಣುವುದರಲ್ಲಿ ಉಳ್ಳಾಗಡ್ಡಿ ಇಲ್ಲದ್ದು ಯಾವುದು? ಅಮರಗೋಳದ ಮಾರುಕಟ್ಟೆಯ ಅಂಗಳದಲ್ಲಿ ಗುಡ್ಡಗುಡ್ಡವಾಗಿ ಬಂದು ಬೀಳುವ ಉಳ್ಳಾಗಡ್ಡಿ ನಮ್ಮ ಪಲ್ಯಕ್ಕೆ, ಝುಣಕಕ್ಕೆ, ಮಾಂಸದ ರಸಕ್ಕೆ, ಕಡೆಗೆ ರೊಟ್ಟಿಯ ಮಗ್ಗುಲಿಗೆ ಹಸಿಯಾಗಿಯೂ ಬೇಕು. ನಾಯಿಗಾದರೋ ಅದು ವಿಷ. ಉಳ್ಳಾಗಡ್ಡಿ ಬಳ್ಳೊಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಗೆಡಹುತ್ತವೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ರಕ್ತವನ್ನು ಕೆಡಿಸಲು ಸಾಕು. ದಿನದಿನವೂ ಸ್ವಲ್ಪಸ್ವಲ್ಪವೇ ಹೊಟ್ಟೆ ಸೇರಿದರೂ ಪರಿಣಾಮ ಕೂಡುತ್ತ ಹೋಗುತ್ತದೆ. ಬೇಯಿಸಿದರೆ ದೋಷ ಹೋಗುವುದಿಲ್ಲ. ಹೋಳುಗಳನ್ನು ಆರಿಸಿ ತೆಗೆದು ರಸವನ್ನು ಮಾತ್ರ ರೊಟ್ಟಿಗೆ ಹಾಕಿದರೂ ಹೋಗುವುದಿಲ್ಲ. ತಿಂದ ದಿನ ಏನೂ ತೋರದೆ, ಕೆಲವು ದಿನಗಳ ಬಳಿಕ ಒಸಡು ಬಿಳಿಚಿಕೊಂಡು, ಮೂತ್ರ ಕೆಂಪಾಗಿ, ಪ್ರಾಣಿ ಮೂಲೆ ಹಿಡಿದು ಮಲಗಿದಾಗ ಕಾರಣವನ್ನು ಊಹಿಸುವವರು ವಿರಳ.

ವಿಜಯಪುರದ ಒಣದ್ರಾಕ್ಷಿಯ ಮಾತೂ ಹೀಗೆಯೇ. ಹಬ್ಬದ ಶಿರಾ, ಪಾಯಸಗಳಲ್ಲಿ ಅದು ಇರಲೇಬೇಕು. ದ್ರಾಕ್ಷಿ ಹಸಿಯದಾಗಲಿ ಒಣಗಿದ್ದಾಗಲಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಅಲ್ಪ ಪ್ರಮಾಣದಲ್ಲಿಯೇ ಕೆಡಿಸಬಲ್ಲದು; ಯಾವ ನಾಯಿಗೆ ಎಷ್ಟು ಎಂಬುದನ್ನು ಮುಂದಾಗಿ ಹೇಳಲು ಬಾರದು. ಚಾಕೊಲೇಟು ಕೂಡದೆಂಬುದು ಈಗ ಮಕ್ಕಳಿಗೂ ತಿಳಿದಿದೆ. ಲೈನ್ ಬಜಾರಿನ ಪೇಢೆ ವಿಷವೇನಲ್ಲ, ಆದರೆ ಬಂದ ನೆಂಟರೆಲ್ಲ ಒಂದೊಂದು ಕೊಟ್ಟು ಹೋದರೆ ಆ ಸಕ್ಕರೆ ಖೋವೆಗಳು ಎಲ್ಲಿಗೆ ಸೇರಬೇಕು? ಇನ್ನು ಬೂಷ್ಟು ಹಿಡಿದ ಮೆಕ್ಕೆಜೋಳ, ಮುಗ್ಗಿದ ಶೇಂಗಾಗಳನ್ನು ‘ನಾಯಿಗೆ ನಡೀತದ’ ಎಂದು ಬೇಯಿಸುವವರಿದ್ದಾರೆ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷಕ್ಕೆ ನಾಯಿಯ ಯಕೃತ್ತು ಬಹಳ ಬೇಗ ಬಲಿಯಾಗುತ್ತದೆ. ಮನುಷ್ಯನಿಗೆ ಒಲ್ಲದ ಕಾಳು ನಾಯಿಗೂ ಒಲ್ಲದು.

ಎಂಜಲನ್ನು ಬಿಟ್ಟು ನಾಯಿಗೆಂದೇ ಬೇಯಿಸುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಅನ್ನ ಮತ್ತು ಕೋಳಿಯದು. ನೋಡುವುದಕ್ಕೆ ಇದಕ್ಕಿಂತ ಶುದ್ಧವಾದ ಊಟವಿಲ್ಲ. ಕೂದಲು ಹೊಳೆಯುತ್ತದೆ, ತಟ್ಟೆ ಕ್ಷಣದಲ್ಲಿ ಬರಿದಾಗುತ್ತದೆ, ಒಡೆಯನಿಗೆ ಕೃತಾರ್ಥತೆ. ಆದರೆ ಎಲುಬಿಲ್ಲದ ಮಾಂಸದಲ್ಲಿ ರಂಜಕವು ಸುಣ್ಣದ ಹದಿನೈದು ಇಪ್ಪತ್ತು ಪಟ್ಟು ಇರುತ್ತದೆ. ನಾಯಿಗೆ ಬೇಕಾದದ್ದು ರಂಜಕಕ್ಕೆ ಸಮನಾದ, ಇಲ್ಲವೆ ಅದಕ್ಕೂ ತುಸು ಮಿಗಿಲಾದ ಸುಣ್ಣ. ಆಹಾರದಲ್ಲಿ ಸುಣ್ಣ ದೊರೆಯದೆ ಹೋದಾಗ, ರಕ್ತದಲ್ಲಿ ಅದರ ಮಟ್ಟವನ್ನು ಕಾಪಾಡಬೇಕಾದ ಉಪಗುರಾಣಿಕ (ಪ್ಯಾರಾಥೈರಾಯ್ಡ್) ಗ್ರಂಥಿಗಳು ಎಲುಬುಗಳಿಂದಲೇ ಅದನ್ನು ಸೆಳೆದು ತರುತ್ತವೆ. ಬೆಳೆದ ನಾಯಿಯಲ್ಲಿ ಈ ಲೂಟಿ ತಿಂಗಳುಗಟ್ಟಲೆ ಗುಪ್ತವಾಗಿ ನಡೆಯುತ್ತದೆ. ಮರಿಯಲ್ಲಿ ಹಾಗಲ್ಲ, ಕೆಲವೇ ವಾರಗಳಲ್ಲಿ ಕಾಲು ಡೊಂಕಾಗುತ್ತದೆ, ಮಂಚದಿಂದ ಹಾರಿದಷ್ಟಕ್ಕೇ ಎಲುಬು ಮುರಿಯುತ್ತದೆ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿಗಳಿಗಾಗಿ ಪ್ರಕಟವಾಗಿದ್ದ 200 ಮನೆಯಡಿಗೆಯ ವಿಧಾನಗಳನ್ನು ಲೆಕ್ಕಹಾಕಿ 2013ರಲ್ಲಿ ವರದಿ ಮಾಡಿದಾಗ, ನೂರಕ್ಕೆ ತೊಂಬತ್ತೈದರಲ್ಲಿ ಯಾವುದಾದರೊಂದು ಅವಶ್ಯಕ ಪೋಷಕಾಂಶ ಕಡಿಮೆಯಿತ್ತು. ಅವುಗಳಲ್ಲಿ ಪಶುವೈದ್ಯರು ಬರೆದ ವಿಧಾನಗಳೂ ಇದ್ದವೆಂಬುದು ಗಮನಾರ್ಹ. ವಾರಕ್ಕೊಂದು ಬಗೆ ಬದಲಾಯಿಸಿದರೆ ಎಲ್ಲವೂ ಸರಿದೂಗುವುದೆಂಬ ನಂಬಿಕೆಯೂ ಆ ಪರಿಶೀಲನೆಯಲ್ಲಿ ನಿಲ್ಲಲಿಲ್ಲ, ಏಕೆಂದರೆ ಅನೇಕ ವಿಧಾನಗಳಲ್ಲಿ ಕೊರತೆಯಾದ ಅಂಶಗಳು ಅವೇ ಆಗಿದ್ದವು.

ಉಪಾಯ ಕಷ್ಟದ್ದಲ್ಲ. ತತ್ತಿಯ ಸಿಪ್ಪೆಯನ್ನು ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿದರೆ ಅದರ ಒಂದು ಚಹಾ ಚಮಚದಲ್ಲಿ ಸುಮಾರು 1800 ಮಿಲಿಗ್ರಾಂ ಸುಣ್ಣಾಂಶವಿರುತ್ತದೆ. ಹತ್ತು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ 600ರಿಂದ 800 ಮಿಲಿಗ್ರಾಂ ಬೇಕಾಗುವುದರಿಂದ ಅರ್ಧ ಚಮಚಕ್ಕೂ ಕಡಿಮೆ ಸಾಕು. ಹಾಲೇ ಇದೆಯಲ್ಲ ಎನ್ನುವವರಿಗೆ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಅರಗದೆಂಬುದನ್ನು ನೆನಪಿಸಬೇಕು, ಮಜ್ಜಿಗೆ ಮೇಲು. ಎಲುಬನ್ನೇ ಹಾಕುತ್ತೇವೆನ್ನುವವರು ಬೆಂದ ಎಲುಬು ಸೀಳಿ ಸೂಜಿಯಂತಾಗಿ ಕರುಳನ್ನು ಚುಚ್ಚೀತೆಂಬುದನ್ನು ಅರಿಯಬೇಕು. ಸತು, ತಾಮ್ರ, ಅಯೋಡಿನ್, ‘ಡಿ’ ಮತ್ತು ‘ಇ’ ಜೀವಸತ್ವಗಳ ವಿಷಯದಲ್ಲಿ ಮನೆಯ ಸಾಮಗ್ರಿಯಿಂದಲೇ ಪೂರೈಸುವ ಹಟ ಬೇಡ. ಮನುಷ್ಯರಂತೆ ನಾಯಿ ಬಿಸಿಲಿನಲ್ಲಿ ಕುಳಿತು ಸಾಕಷ್ಟು ‘ಡಿ’ ಜೀವಸತ್ವವನ್ನು ಮಾಡಿಕೊಳ್ಳಲಾರದು. ಮನೆಯಡಿಗೆಗೆ ಪೂರಕವೆಂದೇ ತಯಾರಾದ ಖನಿಜ-ಜೀವಸತ್ವಗಳ ಪುಡಿಯನ್ನು ವೈದ್ಯರಿಂದ ಬರೆಯಿಸಿಕೊಳ್ಳುವುದೇ ವಿವೇಕ.

ಧಾರವಾಡದಂತಹ ಊರಿನಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಮಾಂಸವನ್ನು ಹೊಸ್ತಿಲೊಳಕ್ಕೆ ಬಿಡದ ಮನೆಗಳು ಇಲ್ಲಿ ಬಹಳ. ಅಂತಹ ಮನೆಗಳಲ್ಲಿಯೇ ಪೊಟ್ಟಣವು ಹೆಚ್ಚು ಉಪಕಾರಿಯಾಗಿದ್ದಿತೆಂದರೂ ತಪ್ಪಾಗದು, ಏಕೆಂದರೆ ಅದರೊಳಗಣ ಮಾಂಸ ಮಾಂಸದಂತೆ ಕಾಣುವುದಿಲ್ಲ. ಮನೆಯಡಿಗೆಗೆ ಮರಳಿದಾಗ ಈ ಮುಸುಕು ಸರಿದುಹೋಗುತ್ತದೆ. ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆಯಿಟ್ಟು, ಅಜ್ಜಿಯ ಕಣ್ಣಿಗೆ ಬೀಳದಂತೆ ಮೊಮ್ಮಗನು ತತ್ತಿ ಬೇಯಿಸುವ ಸಂಧಾನಗಳೂ ನಡೆಯುತ್ತವೆ. ‘ಆ ಬೋಗುಣಿ ಒಳಗ ತರಬ್ಯಾಡಪಾ’ ಎನ್ನುವಷ್ಟಕ್ಕೆ ಅಜ್ಜಿಯೂ ಸುಮ್ಮನಾಗುತ್ತಾಳೆ. ನಾಯಿಯು ಬೆಕ್ಕಿನಂತೆ ಕಟ್ಟಾ ಮಾಂಸಾಹಾರಿಯಲ್ಲವಾದ್ದರಿಂದ ತತ್ತಿ, ಮೊಸರು, ಪನೀರು, ಬೇಳೆಗಳಿಂದ ಅದನ್ನು ಸಾಕುವುದು ಅಸಾಧ್ಯವೇನಲ್ಲ. ತತ್ತಿಯೂ ಕೂಡದೆಂದರೆ ಲೆಕ್ಕಾಚಾರ ಬಹಳ ಬಿಗಿಯಾಗುತ್ತದೆ, ತಜ್ಞರ ನೆರವಿಲ್ಲದೆ ಕೈಹಾಕಬಾರದು. ಬೇಳೆಯೊಂದನ್ನೇ ನೆಚ್ಚುವುದಂತೂ ಸರಿಯಲ್ಲ: ಧಾನ್ಯವನ್ನು ತೊರೆದು ಬಟಾಣಿ, ಬೇಳೆಗಳನ್ನೇ ಹೇರಳವಾಗಿ ಬಳಸಿದ ಆಹಾರಗಳಿಗೂ ನಾಯಿಗಳ ಒಂದು ಬಗೆಯ ಹೃದ್ರೋಗಕ್ಕೂ ಸಂಬಂಧವಿರಬಹುದೆಂಬ ಶಂಕೆಯಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ವಿಚಾರಣೆಗೆ ತೊಡಗಿತು. ಜೋಳದ ಸೀಮೆಯವರಿಗೆ ಧಾನ್ಯದ ಭೀತಿ ಅನಾವಶ್ಯಕ.

ಅಡಿಗೆಯ ಕ್ರಮವನ್ನು ಹೇಳುವುದಾದರೆ, ಜೋಳದ ನುಚ್ಚು ಅಥವಾ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅದಕ್ಕೆ ಸುಮಾರು ಸಮಭಾಗ ಬೆಂದ ಕೋಳಿ ಅಥವಾ ತತ್ತಿಯನ್ನೂ, ಗಜ್ಜರಿ, ಕುಂಬಳಕಾಯಿ, ಬೀನ್ಸುಗಳಲ್ಲಿ ದೊರೆತದ್ದನ್ನೂ, ಒಂದು ಚಮಚ ಎಣ್ಣೆಯನ್ನೂ ಸೇರಿಸಿ, ಆರಿದ ಮೇಲೆ ತತ್ತಿಸಿಪ್ಪೆಯ ಪುಡಿಯನ್ನು ಕಲಸುವುದು. ಖಾರ ಮಸಾಲೆ ಸರ್ವಥಾ ಕೂಡದು, ಉಪ್ಪು ಚಿಟಿಕೆಯಷ್ಟು. ವಾರಕ್ಕೊಮ್ಮೆ ಸ್ವಲ್ಪ ಕಲೀಜ ಒಳ್ಳೆಯದು, ದಿನವೂ ಹಾಕಿದರೆ ‘ಎ’ ಜೀವಸತ್ವ ಮಿತಿಮೀರುತ್ತದೆ. ಪೊಟ್ಟಣದಿಂದ ಒಮ್ಮೆಲೇ ಹಾರಬಾರದು. ಮೊದಲು ಕಾಲುಭಾಗ ಹೊಸದು, ಎರಡು ಮೂರು ದಿನಗಳ ಮೇಲೆ ಅರ್ಧ, ಬಳಿಕ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿಯಾಗಿ ಬದಲಾಯಿಸಿದರೆ ಕರುಳು ಒಗ್ಗಿಕೊಳ್ಳುತ್ತದೆ. ಏಪ್ರಿಲ್ ಮೇ ತಿಂಗಳ ಹುಬ್ಬಳ್ಳಿಯ ಸೆಕೆಯಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದವರೆಗೆ ಉಳಿದರೆ ಚೆಲ್ಲಿಬಿಡಬೇಕು.

ಪ್ರಮಾಣದ ಪ್ರಶ್ನೆ ಎಲ್ಲಕ್ಕಿಂತ ಗುರುತರವಾದದ್ದು. ಹತ್ತು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಸಾಕು. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರಷ್ಟಿರುತ್ತದೆ. ಊಟ ಮುಗಿದ ಮೇಲೆ ‘ಪಾಪ, ನೋಡಾಕತ್ತೇತಿ’ ಎಂದು ಒಗೆಯುವ ಒಂದು ರೊಟ್ಟಿಯು ಆ ಜೀವದ ದಿನದ ಅನ್ನದಲ್ಲಿ ಕಾಲುಭಾಗಕ್ಕೂ ಮಿಕ್ಕಿದ್ದು. ಲ್ಯಾಬ್ರಡಾರಿನ ದೃಷ್ಟಿಗಂತೂ ಮೋಸಹೋಗಬಾರದು. ಕೇಂಬ್ರಿಜ್ಜಿನ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಆ ತಳಿಯ ಸುಮಾರು ನಾಲ್ಕರಲ್ಲೊಂದು ನಾಯಿಯಲ್ಲಿ ತೃಪ್ತಿಯ ಸೂಚನೆ ಕೊಡಬೇಕಾದ ಜೀನೊಂದು ಊನವಾಗಿರುತ್ತದೆ, ಹೊಟ್ಟೆ ತುಂಬಿದರೂ ಅದು ಹಸಿದೇ ಇರುತ್ತದೆ. ಪುರೀನಾ ಸಂಸ್ಥೆಯವರೇ ನಡೆಸಿ 2002ರಲ್ಲಿ ಪ್ರಕಟಿಸಿದ ದೀರ್ಘ ಪ್ರಯೋಗವೊಂದರಲ್ಲಿ 48 ಲ್ಯಾಬ್ರಡಾರುಗಳನ್ನು ಮರಿಗಳಾಗಿದ್ದಾಗಿನಿಂದ ಸಾಕಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ ಇಪ್ಪತ್ತೈದರಷ್ಟು ಕಡಿಮೆ ಕೊಡುತ್ತ ಬಂದರು. ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಆಹಾರ ಮಾರುವವರೇ ಕಂಡುಕೊಂಡ ಈ ಸತ್ಯವನ್ನು ಪೊಟ್ಟಣದ ಪಕ್ಷದವರೂ ಮನೆಯಡಿಗೆಯ ಪಕ್ಷದವರೂ ಸಮನಾಗಿ ಉಪೇಕ್ಷಿಸಿದ್ದಾರೆ. ಮುಧೋಳದ ನಾಯಿಯನ್ನು ಪೇಟೆಗೆ ತಂದು, ಪಕ್ಕೆಲುಬು ಕಾಣುತ್ತದೆಂದು ಮರುಗಿ ತುಂಬಿ ತುಂಬಿ ಉಣಿಸುವವರಿಗೂ ಒಂದು ಮಾತು: ಆ ತಳಿಯ ಮೈಕಟ್ಟೇ ಹಾಗೆ, ಅದನ್ನು ದಪ್ಪ ಮಾಡುವುದು ಸೇವೆಯಲ್ಲ.

ನನ್ನ ತೀರ್ಪು ಇಷ್ಟು. ಬೆಳೆದ, ಆರೋಗ್ಯವಂತ ನಾಯಿಗೆ ತೂಗಿ, ಅಳೆದು, ಸುಣ್ಣಾಂಶ ಸೇರಿಸಿ, ಉಳ್ಳಾಗಡ್ಡಿಯನ್ನು ದೂರವಿಟ್ಟು ದಿನವೂ ಬೇಯಿಸಬಲ್ಲ ಮನೆಯವರು ನಿಸ್ಸಂಕೋಚವಾಗಿ ಬೇಯಿಸಲಿ. ಒಂದು ವರ್ಷದೊಳಗಿನ ಮರಿಗೆ, ಗಬ್ಬದ ನಾಯಿಗೆ, ಮೂತ್ರಪಿಂಡವೋ ಯಕೃತ್ತೋ ಕೆಟ್ಟ ನಾಯಿಗೆ ಸ್ವಂತ ಬುದ್ಧಿಯಿಂದ ಅಡಿಗೆ ಬದಲಾಯಿಸಬಾರದು. ಪಶುವೈದ್ಯರ ಬಳಿಗೆ ಹೋಗಿ, ಬಾಯಿಮಾತಿನ ಸಲಹೆಗೆ ತೃಪ್ತರಾಗದೆ, ಗ್ರಾಂ ಲೆಕ್ಕದಲ್ಲಿ ಕಾಗದದ ಮೇಲೆ ಬರೆಯಿಸಿಕೊಂಡು ಬರಬೇಕು, ಆರು ತಿಂಗಳಿಗೊಮ್ಮೆ ತೂಕವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಅಷ್ಟು ವ್ಯವಧಾನವಿಲ್ಲದವರು ಪೊಟ್ಟಣವನ್ನೇ ಮುಂದುವರಿಸಲಿ. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ನಾವು ಉಂಡು ಮಿಕ್ಕದ್ದನ್ನು ಮಾತ್ರ, ದಯವಿಟ್ಟು, ಹಾಕದಿರಿ.